ಕುರ್ಚಿ ತಂದವರಿಗೆ ಮತ

ನರ್ಸಕ್ಕನಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುವುದು ಅವಳ ಮೇಜಿಗೆ. ಪೆನ್ನು, ಸ್ಟೇಪ್ಲರ್, ಮೊಹರು, ಇಂಕ್ ಪ್ಯಾಡು ಎಲ್ಲವೂ ಆಪರೇಷನ್ ಟ್ರೇಯಲ್ಲಿ ಜೋಡಿಸಿದ ಹಾಗೆ ಸಾಲಾಗಿ ನಿಂತುಬಿಡುತ್ತವೆ. ಇಪ್ಪತ್ತೈದು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಕೈ. ಬೈಯುವುದಕ್ಕೆ ಮುಂಚೆ ಜೋಡಿಸಿಕೊಳ್ಳುತ್ತದೆ. ಆ ಸೋಮವಾರ ಬೆಳಿಗ್ಗೆ ದಾನಸಂಸ್ಥೆಯ ಸಂಯೋಜಕ ಬಂದು ಹೋದ ಮೇಲೆ ಮೇಜು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಟೀ ತಂದ ಕಚೇರಿಯ ಹೆಂಗಸು ಲೋಟ ಇಡಲು ಧೈರ್ಯ ಸಾಲದೆ ಹಾಗೇ ಹಿಂದಕ್ಕೆ ಒಯ್ದಳು.

ನರ್ಸಕ್ಕ ಈಗ ಒಕ್ಕೂಟದ ಕಾರ್ಯದರ್ಶಿ. ಊರಿನ ಮೂವತ್ತೊಂದು ಸಣ್ಣಪುಟ್ಟ ಸೇವಾಸಂಸ್ಥೆಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಕಿವುಡ ಮಕ್ಕಳ ಶಾಲೆ, ಶಿಶುವಿಹಾರ, ವೃದ್ಧರ ಮನೆ, ಚಿಂದಿ ಆಯುವ ಹೆಂಗಸರ ಸಂಘ, ಕ್ಷೌರಿಕರ ನೆರವಿನ ನಿಧಿ, ಹೀಗೆ. ಒಬ್ಬೊಬ್ಬರೇ ಅರ್ಜಿ ಹಿಡಿದು ಹೋದಾಗ ನಗರಸಭೆಯಲ್ಲಿ ಆ ಅರ್ಜಿ ಮೇಜಿನ ಕೆಳಗೆ ಸೇರುತ್ತಿತ್ತು. ಮೂವತ್ತೊಂದು ಮೊಹರು ಬಿದ್ದ ಕಾಗದ ಮೇಜಿನ ಮೇಲೆಯೇ ಉಳಿಯುತ್ತಿತ್ತು. ಒಕ್ಕೂಟ ಹುಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಹೋದ ತಿಂಗಳು ಅಂಥದೇ ಒಂದು ಕಾಗದ ಹೋಗಿತ್ತು. ಶಿಶುವಿಹಾರದ ಹಿಂದಿನ ಬಾವಿಯ ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಬಣ್ಣದ ಕಾರ್ಖಾನೆಯ ಚರಂಡಿ. ಕಾರ್ಖಾನೆಗೆ ಒಂದು ದಾನಸಂಸ್ಥೆ, ಆ ದಾನಸಂಸ್ಥೆಯೇ ಒಂಬತ್ತು ವರ್ಷದಿಂದ ಒಕ್ಕೂಟಕ್ಕೆ ಕಟ್ಟಡ, ವ್ಯಾನು, ಸಂಬಳ ಎಲ್ಲ ಕೊಟ್ಟು ಸಾಕುತ್ತಿದ್ದದ್ದು. ಅನ್ನ ಹಾಕಿದ ಮನೆಯ ಮೇಲೇ ದೂರು ಕೊಡುವುದೇ ಎಂದು ಕೆಲವರು ಅಳುಕಿದರು. ಕುಡಿಯುವ ನೀರಿಗೆ ಋಣದ ಲೆಕ್ಕ ಹಚ್ಚಬೇಡಿ ಎಂದು ನರ್ಸಕ್ಕ ಎಲ್ಲರಿಂದಲೂ ಮೊಹರು ಹಾಕಿಸಿದ್ದಳು.

ಅದರ ಉತ್ತರವೇ ಈ ಸಂಯೋಜಕ. ಚಿಕ್ಕ ವಯಸ್ಸು, ಗರಿಗರಿ ಅಂಗಿ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಬೆನ್ನ ಹಿಂದೆ ಎಲ್ಲರೂ ಅವನನ್ನು ಇಸ್ತ್ರಿ ಸಾಹೇಬ ಎನ್ನುತ್ತಿದ್ದರು. ಅವನು ಎರಡು ತಿದ್ದುಪಡಿ ಬರೆದುಕೊಂಡು ಬಂದಿದ್ದ. ಇನ್ನು ಮುಂದೆ ಒಕ್ಕೂಟದ ಅಧ್ಯಕ್ಷರನ್ನು ದಾನಸಂಸ್ಥೆಯೇ ನೇಮಿಸುತ್ತದೆ, ಇದು ಒಂದು. ಆ ಅಧ್ಯಕ್ಷರ ಸಹಿಯಿಲ್ಲದೆ ಒಕ್ಕೂಟ ಯಾವ ಕಚೇರಿಗೂ ಕಾಗದ ಬರೆಯುವಂತಿಲ್ಲ, ಇದು ಇನ್ನೊಂದು. ಭಾನುವಾರ ಸರ್ವಸದಸ್ಯರ ಸಭೆ ಕರೆದು ಎರಡನ್ನೂ ಪಾಸು ಮಾಡಬೇಕು. ಆಗದಿದ್ದರೆ ಕಟ್ಟಡ ಖಾಲಿ, ವ್ಯಾನು ವಾಪಸ್ಸು, ಸಂಬಳ ಬಂದ್. ಮೂಗುದಾರಕ್ಕೆ ರೇಷ್ಮೆ ಸುತ್ತಿ ತಂದಿದ್ದ, ಅಷ್ಟೇ.

ಪಾಸಾಗುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹಿಂದಿನ ಒಂದೇ ತಿಂಗಳಲ್ಲಿ ದಾನಸಂಸ್ಥೆಯ ಶಿಫಾರಸು ಹಿಡಿದು ಹದಿನಾಲ್ಕು ಹೊಸ ಸಂಸ್ಥೆಗಳು ಒಕ್ಕೂಟ ಸೇರಿದ್ದವು. ಅರ್ಜಿ ಸರಿಯಾಗಿತ್ತು, ಶುಲ್ಕ ಕಟ್ಟಿದ್ದರು ಎಂದು ನರ್ಸಕ್ಕನೇ ಮೊಹರು ಒತ್ತಿದ್ದಳು. ಹಳಬರಲ್ಲೂ ಹತ್ತು ಸಂಸ್ಥೆಗಳ ಒಲೆ ಉರಿಯುವುದು ದಾನಸಂಸ್ಥೆಯ ಸೌದೆಯಿಂದಲೇ. ಹದಿನಾಲ್ಕು, ಹತ್ತು, ಇಪ್ಪತ್ತನಾಲ್ಕು. ಉಳಿದವರು ಇಪ್ಪತ್ತೊಂದು. ಮಗ್ಗಿ ಬರುವ ಯಾರಿಗಾದರೂ ತಿಳಿಯುವ ಲೆಕ್ಕ.

ಆ ಹತ್ತರಲ್ಲಿ ಮೇಷ್ಟ್ರೂ ಒಬ್ಬರು. ಮೇಷ್ಟ್ರು ಕಿವುಡ ಮಕ್ಕಳ ಶಾಲೆ ನಡೆಸುವವರು, ಒಕ್ಕೂಟದ ಈಗಿನ ಅಧ್ಯಕ್ಷರು, ಅವಳ ಜೊತೆ ಮನೆಮನೆ ಸುತ್ತಿ ಒಕ್ಕೂಟ ಕಟ್ಟಿದವರು. ಅವತ್ತು ಮಧ್ಯಾಹ್ನವೇ ಅವಳು ಶಾಲೆಗೆ ಹೋದಳು. ಮೇಷ್ಟ್ರು ತರಗತಿಯ ಕಿಟಕಿಯ ಹತ್ತಿರ ಕೂತು ಪುಟ್ಟ ಕಿವಿಯಂತ್ರಗಳನ್ನು ಹತ್ತಿಯಲ್ಲಿ ಒರೆಸುತ್ತಿದ್ದರು. ಅರವತ್ತು ಮಕ್ಕಳು, ನೂರಹತ್ತು ಯಂತ್ರ. ತಿಂಗಳು ತಿಂಗಳು ಬ್ಯಾಟರಿ ಬರುವುದು ದಾನಸಂಸ್ಥೆಯಿಂದ.

"ನೀವು ಏನು ಕೇಳೋಕೆ ಬಂದಿದೀರಿ ಅಂತ ಗೊತ್ತು," ಎಂದರು ತಲೆಯೆತ್ತದೆ. "ಬ್ಯಾಟರಿ ನಿಂತ್ರೆ ಈ ಮಕ್ಕಳಿಗೆ ಮತ್ತೆ ಏನೂ ಕೇಳಿಸಲ್ಲ, ನರ್ಸಕ್ಕ. ಒಕ್ಕೂಟದ ಬಾಯಿ ದೊಡ್ಡದಾ, ಇವರ ಕಿವಿ ದೊಡ್ಡದಾ, ನೀವೇ ಹೇಳಿ."

ನರ್ಸಕ್ಕ ಒಗೆಯುವ ಯಂತ್ರಗಳ ಮಾತೆತ್ತಿದಳು. ಎರಡು ವರ್ಷದ ಹಿಂದೆ ಅವಳು ಒಂದು ಯೋಜನೆ ಮುಂದಿಟ್ಟಿದ್ದಳು: ವೃದ್ಧರ ಮನೆ, ಹಾಸ್ಟೆಲು, ಚಿಕಿತ್ಸಾಲಯ, ಶಿಶುವಿಹಾರ, ಎಲ್ಲರಿಗೂ ವಾರವಾರ ರಾಶಿ ರಾಶಿ ಚಾದರ ಒಗೆಸುವ ಕೆಲಸವಿದೆ; ಎಲ್ಲರೂ ಹೊರಗೆ ಕೊಟ್ಟು ಒಗೆಸುತ್ತಾರೆ; ಅದನ್ನು ಒಕ್ಕೂಟವೇ ಒಗೆದರೆ ಆ ಸಂಪಾದನೆಯಲ್ಲಿ ಒಕ್ಕೂಟ ಯಾರ ಹಂಗೂ ಇಲ್ಲದೆ ನಿಲ್ಲಬಹುದು. ವಾರ್ಡಿನಲ್ಲಿದ್ದವಳಿಗೆ ಚಾದರದ ವಿಷಯ ಯಾರೂ ಹೇಳಿಕೊಡಬೇಕಿರಲಿಲ್ಲ. ಇಸ್ತ್ರಿ ಸಾಹೇಬ ಮಾತ್ರ ಇದು ಒಕ್ಕೂಟದ ಘನತೆಗೆ ತಕ್ಕದ್ದಲ್ಲ ಎಂದಿದ್ದ, ಉಳಿದವರು ನಕ್ಕಿದ್ದರು. ನರ್ಸಕ್ಕ ನಕ್ಕವರನ್ನು ಬಿಟ್ಟು, ನಗದ ಏಳು ಜನರಿಂದ ವಂತಿಗೆ ಎತ್ತಿ, ಮುಚ್ಚಿಹೋದ ಒಂದು ಲಾಡ್ಜಿನ ಎರಡು ದೊಡ್ಡ ಯಂತ್ರ ತಂದು ಪರಿಚಯದ ದರ್ಜಿಯೊಬ್ಬನ ತಗಡಿನ ಶೆಡ್ಡಿನಲ್ಲಿ ಕೂರಿಸಿದ್ದಳು. ನಾಲ್ಕು ತಿಂಗಳಿಂದ ಅವು ಓಡುತ್ತಿದ್ದವು. ಓಡುವಾಗ ಶೆಡ್ಡು ಜ್ವರ ಬಂದವರ ಹಾಗೆ ನಡುಗುತ್ತಿತ್ತು, ನಿಜ. ಆದರೆ ಚಾದರ ಬೆಳ್ಳಗೆ ಹೊರಬರುತ್ತಿತ್ತು.

"ಏಳು ಜನರ ಬಟ್ಟೆಯಲ್ಲಿ ಅರವತ್ತು ಮಕ್ಕಳ ಬ್ಯಾಟರಿ ಬರುತ್ತಾ?" ಎಂದು ಕೇಳಿದರು ಮೇಷ್ಟ್ರು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಎದ್ದು ಬಂದಳು.

ತಿದ್ದುಪಡಿ ಟೈಪು ಮಾಡುವ ಕೆಲಸ ಬೇರೆ ಅವಳದೇ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯಬೇಕು. ಯಾವ ನಿಯಮ ತೆಗೆದು ಯಾವುದನ್ನು ಹಾಕಬೇಕೆಂದು ನೋಡಲು ಮೂಲ ನಿಯಮಾವಳಿಯನ್ನು ಮನೆಗೆ ತಂದಳು. ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು, ಊಟದ ಮೇಜಿನ ಅರ್ಧ ಅವನ ಚಕ್ರ, ಮುಳ್ಳುಗಳಿಗೇ ಮೀಸಲು. ಉಳಿದ ಅರ್ಧದಲ್ಲಿ ಅವಳು ಕಾಗದ ಹರಡಿದಳು. ಹನ್ನೊಂದು ವರ್ಷ ಹಳೆಯದು, ಮೇಷ್ಟ್ರ ದುಂಡು ಅಕ್ಷರ, ಕೆಳಗೆ ನೋಂದಣಿ ಕಚೇರಿಯ ಮೊಹರು. ಒಂಬತ್ತನೇ ನಿಯಮಕ್ಕೆ ಬಂದವಳು ನಿಂತಳು. ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದಳು: "ಸರ್ವಸದಸ್ಯರ ಸಭೆಗೆ ತನ್ನ ಸಂಸ್ಥೆಯಿಂದ ಆಸನ ತಂದವರಿಗೆ ಮಾತ್ರ ಮತವಿರುತ್ತದೆ. ಆಸನ ಯಾವುದಾದರೂ ಆಗಬಹುದು. ಎರವಲು ತಂದದ್ದಾಗಿರಬಾರದು."

ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ನಕ್ಕ. "ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರು ಅಂತಾರೆ. ನಿಮ್ಮೋರು ಹೊತ್ಕೊಂಡು ಬಂದೇ ಕೂತ್ರಲ್ಲೇ."

ಅವಳು ನಗಲಿಲ್ಲ. ಆ ಮೊದಲ ಸಭೆ ಕಣ್ಣ ಮುಂದೆ ಬಂತು. ಇದೇ ದರ್ಜಿಯ ಶೆಡ್ಡು, ಒಂದು ಕುರ್ಚಿಯೂ ಇರಲಿಲ್ಲ. ಅವರವರ ಕುರ್ಚಿ ಅವರವರೇ ತನ್ನಿ ಎಂದು ಹೇಳಿ ಕಳಿಸಿದ್ದರು. ಶಿಶುವಿಹಾರದ ಆಯಮ್ಮ ತಂದದ್ದು ಮಕ್ಕಳ ಗೇಣುದ್ದದ ಕುರ್ಚಿ. ಅದರ ಮೇಲೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತು ಮಿಕ್ಕವರಿಗಿಂತ ಜೋರಾಗಿ ಮಾತಾಡಿದ್ದಳು. ಕ್ಷೌರಿಕ ತನ್ನ ತಿರುಗುವ ಕುರ್ಚಿಯನ್ನೇ ತಳ್ಳುಗಾಡಿಯಲ್ಲಿ ತಂದಿದ್ದ. ಚಿಂದಿ ಆಯುವ ಹೆಂಗಸರ ಮುಖಂಡಳು ಎಣ್ಣೆಯ ಡಬ್ಬ ಬೋರಲು ಹಾಕಿದ್ದಳು. ಮೇಷ್ಟ್ರು ಶಾಲೆಯ ಎಂಟಡಿ ಬೆಂಚು ತಂದು ತುದಿಗೆ ಕೂತರು, ಬೆಂಚು ಇನ್ನೊಂದು ಕಡೆ ಎದ್ದು ಅವರನ್ನು ನೆಲಕ್ಕೆ ಹಾಕಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಸ್ಥೆಯಿಲ್ಲದ, ಕುರ್ಚಿಯೂ ಇಲ್ಲದ ನರ್ಸಕ್ಕ ಇನ್ನೊಂದು ತುದಿಗೆ ಭಾರವಾಗಿ ಕೂತು ಬರೆದುಕೊಂಡಳು. ಹೊತ್ತು ತಂದವರಿಗೆ ಹೊಣೆ ಇರುತ್ತೆ, ಇದನ್ನ ನಿಯಮಾನೇ ಮಾಡೋಣ ಎಂದವರು ಮೇಷ್ಟ್ರೇ.

ಎರಡು ವರ್ಷದ ಮೇಲೆ ಕಟ್ಟಡ ಬಂತು, ನೂರು ಮೆತ್ತೆ ಕುರ್ಚಿ ಬಂದವು, ಒಂದೊಂದರ ಬೆನ್ನ ಮೇಲೂ ದಾನಸಂಸ್ಥೆಯ ಹೆಸರು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಹಾಗೆ ಎಲ್ಲರೂ ಕೂತರು. ಆಯಮ್ಮ ಮಾತ್ರ ಉದ್ಘಾಟನೆಯ ದಿನವೂ ತನ್ನ ಪುಟ್ಟ ಕುರ್ಚಿ ಹೊತ್ತು ಬಂದಿದ್ದಳು. "ಇನ್ಮೇಲೆ ಅದನ್ನ ತರಬೇಡಮ್ಮ, ಚೆನ್ನಾಗಿರಲ್ಲ" ಎಂದು ಬಾಗಿಲಲ್ಲೇ ತಡೆದವಳು ನರ್ಸಕ್ಕ. ಇಸ್ತ್ರಿ ಸಾಹೇಬನನ್ನು ಬೈದು ಏನು ಬಂತು, ಬಾಗಿಲು ತೆರೆದುಕೊಟ್ಟದ್ದು ತಾನೇ.

ಅವಳು ಅವತ್ತು ತಿದ್ದುಪಡಿ ಟೈಪು ಮಾಡಿದಳು. ಸಂಯೋಜಕ ಹೇಳಿದ ಎರಡನ್ನೇ ಮಾಡಿದಳು, ಒಂಬತ್ತನೆಯದರ ಗೊಡವೆಗೆ ಹೋಗಲಿಲ್ಲ. ಅವನು ಅದನ್ನು ಓದಿಯೇ ಇರಲಿಲ್ಲ. ಕೊಡುವವರು ನಿಯಮ ಬರೆಯುತ್ತಾರೆ, ಓದುವುದು ಇಸಕೊಳ್ಳುವವರ ಕೆಲಸ.

ಆಮೇಲಿನ ಮೂರು ದಿನ ಅವಳು ಫೋನು ಮುಟ್ಟಲಿಲ್ಲ, ವ್ಯಾನು ಹತ್ತಲಿಲ್ಲ. ಕಾಲ್ನಡಿಗೆಯಲ್ಲಿ ಒಂದೊಂದೇ ಸಂಸ್ಥೆಗೆ ಹೋಗಿ ನಿಮ್ಮ ಹಳೇ ಕುರ್ಚಿ ಇದೆಯಾ ಎಂದು ಕೇಳಿದಳು. ವೃದ್ಧರ ಮನೆಯ ಕುರ್ಚಿ ಸ್ನಾನದ ಮನೆ ಸೇರಿ ಕಾಲು ಕೊಳೆತಿತ್ತು. ಚಿಕಿತ್ಸಾಲಯದ್ದರ ಮೇಲೆ ನೀರಿನ ಕೊಡ ಕೂತಿತ್ತು. ಒಂದು ಗ್ರಂಥಾಲಯದವರು ತಮ್ಮದನ್ನು ಗುಜರಿಗೆ ಹಾಕಿದ್ದರು. ಮೂರು ದಪ್ಪ ನಿಘಂಟು ಪೇರಿಸಿ ಕೂರುತ್ತೇವೆ, ಆದೀತೇ ಎಂದರು. ಸಂಸ್ಥೆಯದೇ ಆಗಿದ್ದರೆ ಆದೀತು ಎಂದಳು. ಯಾಕೆ, ಏನು ಎಂದು ಕೇಳಿದವರಿಗೆ ಒಂಬತ್ತನೇ ನಿಯಮ ಓದಿ ಹೇಳಿದಳು, ತಾನು ಆಯಮ್ಮನನ್ನು ತಡೆದದ್ದನ್ನೂ ಹೇಳಿದಳು. ಇದರಿಂದ ಕಟ್ಟಡ ಹೋಗುತ್ತದೆ, ತನ್ನ ಸಂಬಳ ಹೋಗುತ್ತದೆ, ಆಮೇಲೆ ನಿಮ್ಮ ಚಾದರವೇ ಗತಿ ಎಂಬುದನ್ನೂ ಮುಚ್ಚಿಡಲಿಲ್ಲ. ಮೇಷ್ಟ್ರ ಶಾಲೆಗೆ ಮಾತ್ರ ಹೋಗಲಿಲ್ಲ. ಬರೆದವರಿಗೆ ಓದಿ ಹೇಳುವುದೇನು ಎಂದುಕೊಂಡಳು. ಹೋಗಲು ಧೈರ್ಯ ಸಾಲಲಿಲ್ಲ ಎನ್ನುವುದೂ ನಿಜ.

ಭಾನುವಾರ ಹತ್ತು ಗಂಟೆಗೆ ಸಭಾಂಗಣದ ಮೆತ್ತೆ ಕುರ್ಚಿಗಳ ಮೇಲೆ ಹದಿನಾಲ್ಕು ಹೊಸಬರು ಬಂದು ಕೂತಾಗಿತ್ತು. ಎಲ್ಲರಿಗೂ ಒಂದೇ ಬಣ್ಣದ ಫೈಲು. ಹಳಬರಲ್ಲಿ ಎಂಟು ಜನ ಬರಿಗೈಯಲ್ಲಿ ಬಂದಿದ್ದರು; ನರ್ಸಕ್ಕನ ಗುಟ್ಟು ಬಿಟ್ಟುಕೊಡದೆ ತಲೆ ತಗ್ಗಿಸಿಕೊಂಡು ಅವರ ಹಿಂದೆ ಕೂತರು. ವೇದಿಕೆಯ ಮೇಲೆ ಮೇಷ್ಟ್ರು, ಪಕ್ಕದಲ್ಲಿ ಇಸ್ತ್ರಿ ಸಾಹೇಬ, ಮೂಲೆಯಲ್ಲಿ ರಿಜಿಸ್ಟರು ಹಿಡಿದು ನಿಂತ ನರ್ಸಕ್ಕ. ಹತ್ತು ಗಂಟೆ ಐದು ನಿಮಿಷಕ್ಕೆ ಬಾಗಿಲಲ್ಲಿ ಶಿಶುವಿಹಾರದ ಆಯಮ್ಮ ಕಾಣಿಸಿಕೊಂಡಳು. ತಲೆಯ ಮೇಲೆ ಗೇಣುದ್ದದ ಕುರ್ಚಿ. ಅವಳ ಹಿಂದೆ ಡಬ್ಬ, ಸ್ಟೂಲು, ನಿಘಂಟು, ಮೂರು ಕಾಲಿನ ಕುರ್ಚಿ, ಕೊನೆಗೆ ನಾಲ್ಕು ಜನ ಹಿಡಿದು ಮೆಟ್ಟಿಲು ಹತ್ತಿಸಿದ ಕ್ಷೌರಿಕನ ಕುರ್ಚಿ. ನರ್ಸಕ್ಕ ಎಣಿಸಿದಳು, ಇಪ್ಪತ್ತೆರಡು. ಹೆದರಿದ ಹತ್ತರಲ್ಲಿ ವೃದ್ಧರ ಮನೆಯವಳು ಮನಸ್ಸು ಬದಲಿಸಿ ಕಾಲು ಕೊಳೆತ ಕುರ್ಚಿಗೆ ಇಟ್ಟಿಗೆ ಕೊಟ್ಟು ಕೂತಿದ್ದಳು.

ಏನು ಮೇಡಂ ಇದು, ಗುಜರಿ ಹರಾಜಾ ಎಂದು ಸಂಯೋಜಕ ನಗುತ್ತಲೇ ಕೇಳಿದ. ನರ್ಸಕ್ಕ ರಿಜಿಸ್ಟರಿನೊಳಗಿಂದ ಹಳೇ ನಿಯಮಾವಳಿಯ ಕಾಗದ ತೆಗೆದು ಒಂಬತ್ತನೇ ನಿಯಮ ಓದಿದಳು. ಸಂಯೋಜಕ ಕಾಗದ ಕಸಿದುಕೊಂಡು ಎರಡು ಸಲ ಓದಿದ. ಒಂಬತ್ತು ವರ್ಷದಿಂದ ಈ ನಿಯಮ ಯಾರೂ ಪಾಲಿಸಿಲ್ಲ, ಇದಕ್ಕೆ ಬೆಲೆಯಿಲ್ಲ ಎಂದ.

"ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ಮತ ಎಣಿಸಿಲ್ಲ, ಸಾಹೇಬ್ರೇ," ಎಂದಳು ನರ್ಸಕ್ಕ. "ನೀವು ಹೇಳಿದ್ದಕ್ಕೆಲ್ಲ ಚಪ್ಪಾಳೆ ತಟ್ಟಿದ್ವಿ. ಚಪ್ಪಾಳೆಗೆ ಕುರ್ಚಿ ಬೇಡ."

ಅವನು ಮೇಷ್ಟ್ರ ಕಡೆ ತಿರುಗಿದ. ಅಧ್ಯಕ್ಷರು ತೀರ್ಪು ಕೊಡಲಿ, ಈ ನಿಯಮ ನಡೆಯುತ್ತದೆಯೋ ಇಲ್ಲವೋ. ಹೇಳುವ ಮುಂಚೆ ತಮ್ಮ ಮಕ್ಕಳನ್ನು ನೆನೆಸಿಕೊಳ್ಳಲಿ ಎಂದೂ ಮೆಲ್ಲಗೆ ಸೇರಿಸಿದ. ಆ ಕೊನೆಯ ಮಾತು ಅವನು ಆಡಬಾರದಿತ್ತು. ಅಲ್ಲಿಯವರೆಗೆ ಮೇಷ್ಟ್ರ ಮುಖದಲ್ಲಿ ಬರೀ ದುಃಖವಿತ್ತು.

ಮೇಷ್ಟ್ರು ಕಾಗದ ಇಸಕೊಂಡು, ಕನ್ನಡಕ ಏರಿಸಿ, ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೂತಿದ್ದ ಮೆತ್ತೆ ಕುರ್ಚಿಯಿಂದ ಎದ್ದು ನಿಂತರು.

"ಅಕ್ಷರ ನಂದು, ಮೊಹರು ಸರ್ಕಾರದ್ದು. ನಿಯಮ ನಡೆಯುತ್ತೆ," ಎಂದರು. "ನಾನು ಇವತ್ತು ಏನೂ ತಂದಿಲ್ಲ. ಹಾಗಾಗಿ ನನಗೂ ಮತ ಇಲ್ಲ."

ಸಂಯೋಜಕ ಸೋಲೊಪ್ಪಲಿಲ್ಲ. ಸರಿ, ಅರ್ಧ ಗಂಟೆ ಬಿಡುವು ಕೊಡಿ ಎಂದು ಹೊಸಬರ ಕಡೆ ತಿರುಗಿ, ನಿಮ್ಮ ನಿಮ್ಮ ಕಚೇರಿಗೆ ಹೋಗಿ ಒಂದೊಂದು ಕುರ್ಚಿ ತನ್ನಿ ಎಂದ. ಹದಿನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಪಾಪದ ಮನುಷ್ಯ, ಫೈಲನ್ನು ಎದೆಗೆ ಒತ್ತಿಕೊಂಡು ಕೇಳಿಯೇಬಿಟ್ಟ.

"ಯಾವ ಕಚೇರಿ, ಸಾರ್?"

ಆಯಮ್ಮ ಮೊದಲು ನಕ್ಕಳು, ಅವಳ ಹಿಂದೆ ಇಡೀ ಸಭೆ. ನರ್ಸಕ್ಕ ಮಾತ್ರ ಆಗ ಅರ್ಜಿಗಳ ಕಟ್ಟು ಬಿಚ್ಚಿ ನೋಡುತ್ತಿದ್ದಳು. ಹದಿನಾಲ್ಕೂ ಸಂಸ್ಥೆಗೆ ಒಂದೇ ವಿಳಾಸ, ಕಾರ್ಖಾನೆಯ ಹಿಂದಿನ ಗೇಟು. ಮೊಹರು ಒತ್ತುವಾಗ ತನಗೆ ಕಣ್ಣಿರಲಿಲ್ಲವೇ ಎಂದು ತನ್ನನ್ನೇ ಬೈದುಕೊಂಡಳು. ಒಬ್ಬ ಬುದ್ಧಿವಂತ ಕೂತ ಕುರ್ಚಿಯನ್ನೇ ಎತ್ತಿ ಇದು ನಮ್ಮದೇ ಎನ್ನಲು ನೋಡಿದ. ಅದರ ಬೆನ್ನಿನ ಮೇಲೆ ದಾನಸಂಸ್ಥೆಯ ಹೆಸರು ಅಂಗೈ ಅಗಲ ಇತ್ತು. ಚಿಂದಿ ಆಯುವವಳು ತನ್ನ ಡಬ್ಬ ತೋರಿಸಿ, ಒಂದು ಡಬ್ಬಾನೂ ಇಲ್ಲದ ಸಂಸ್ಥೆ ಎಂಥದಣ್ಣಾ ಎಂದು ಮರುಗಿದಳು. ಮತ ಹಾಕಿದರು. ತಿದ್ದುಪಡಿಗೆ ಒಂದೂ ಕೈ ಏಳಲಿಲ್ಲ.

ಸಂಯೋಜಕನ ಮಾತಿನಿಂದ ಬೆಣ್ಣೆ ಇಳಿದುಹೋಗಿತ್ತು. ನಾಳೆ ಸಂಜೆಯೊಳಗೆ ಕಟ್ಟಡ ಖಾಲಿಯಾಗಬೇಕು, ಒಂದು ಗುಂಡುಸೂಜಿಯೂ ಹೊರಗೆ ಹೋಗಬಾರದು ಎಂದ.

"ನಾಳೆ ತನಕ ಯಾಕೆ?" ಎಂದಳು ನರ್ಸಕ್ಕ. ವ್ಯಾನಿನ ಬೀಗದ ಕೈ, ಬೀರುವಿನ ಬೀಗದ ಕೈ, ಸ್ಟೇಪ್ಲರು ಎಲ್ಲವನ್ನೂ ಅವನ ಮುಂದೆ ಸಾಲಾಗಿ ಜೋಡಿಸಿದಳು. ರಿಜಿಸ್ಟರನ್ನೂ ಒಕ್ಕೂಟದ ಮೊಹರನ್ನೂ ಕಂಕುಳಿಗೆ ಸೇರಿಸಿದಳು. "ನಮ್ಮ ಕುರ್ಚಿ ನಮ್ಮ ಹತ್ರಾನೇ ಇದೆ. ಈಗಲೇ ಹೊರಟ್ವಿ."

ಬಂದ ಹಾಗೇ ಹೊತ್ತುಕೊಂಡು ಹೋದರು. ರಸ್ತೆಯ ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು, ಯಾರದೋ ಮನೆ ಜಪ್ತಿಯಾಗಿದೆ ಎಂದುಕೊಂಡರು. ಕ್ಷೌರಿಕನ ಕುರ್ಚಿ ತಳ್ಳುಗಾಡಿಯ ಮೇಲೆ ತಿರುತಿರುಗಿ ಎಲ್ಲರಿಗೂ ಮುಖ ತೋರಿಸುತ್ತಾ ಸಾಗಿತು. ದರ್ಜಿಯ ಶೆಡ್ಡಿನಲ್ಲಿ ಯಂತ್ರಗಳ ಸುತ್ತ, ಒಣಗಿದ ಚಾದರದ ಗಂಟುಗಳ ನಡುವೆ ಅವರವರು ಜಾಗ ಹುಡುಕಿಕೊಂಡರು. ಕೂತವರೇ ಹದಿನೈದು ಸಂಸ್ಥೆಗಳು ನಾಳೆಯಿಂದ ನಮ್ಮ ಬಟ್ಟೆಯೂ ಇಲ್ಲಿಗೇ ಎಂದವು. ಏಳು, ಹದಿನೈದು, ಇಪ್ಪತ್ತೆರಡು. ಎರಡು ವರ್ಷದ ಹಿಂದೆ ನಕ್ಕವರೂ ಅವರಲ್ಲಿದ್ದರು, ನರ್ಸಕ್ಕ ನೆನಪಿಸಲಿಲ್ಲ. ಅವಳ ಕಣ್ಣು ಬಾಗಿಲ ಮೇಲಿತ್ತು. ಮೇಷ್ಟ್ರು ಬಂದಿರಲಿಲ್ಲ.

ಈ ಸಲ ಧೈರ್ಯಕ್ಕಾಗಿ ಕಾಯದೆ ಎದ್ದು ಶಾಲೆಗೆ ನಡೆದಳು. ಊಟದ ಕೋಣೆಯಿಂದ ಗರಗರ ಸದ್ದು ಬರುತ್ತಿತ್ತು. ಮೇಷ್ಟ್ರು ಬೆಂಚಿನ ಒಂದು ತುದಿ ಎತ್ತಿಕೊಂಡು ಬಾಗಿಲ ಕಡೆ ಎಳೆಯುತ್ತಿದ್ದರು. ಇನ್ನೊಂದು ತುದಿ ನೆಲದ ಮೇಲೆ ಗೀರು ಹಾಕಿಕೊಂಡು ಬರುತ್ತಿತ್ತು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಇದು ಒಬ್ಬರ ಕೈಲಿ ಆಗೋದಲ್ಲ," ಎಂದಳು.

"ಗೊತ್ತು. ಅವತ್ತೂ ನೀವೇ ಹಿಡಿದಿದ್ರಿ," ಎಂದು ಅವರು ಬೆಂಚು ಕೆಳಗಿಟ್ಟು ಉಸಿರು ಬಿಟ್ಟರು. "ಬೀರುವಿನಲ್ಲಿ ಎರಡು ತಿಂಗಳಿಗಾಗೋ ಅಷ್ಟು ಬ್ಯಾಟರಿ ಇದೆ, ನರ್ಸಕ್ಕ. ಆಮೇಲೆ?"

ಎಲ್ಲ ಸರಿಹೋಗುತ್ತದೆ ಎಂದು ಅವಳು ಹೇಳಲಿಲ್ಲ. ವಾರ್ಡಿನಲ್ಲಿ ಎಷ್ಟೋ ಹೆಂಗಸರಿಗೆ ಹಾಗೆ ಹೇಳಿ ಸುಳ್ಳಾಗಿದ್ದು ಅವಳಿಗೆ ನೆನಪಿತ್ತು.

"ಎರಡು ತಿಂಗಳು ಇದೆ. ಯಂತ್ರ ಇದೆ. ಇಪ್ಪತ್ತೆರಡು ಮನೆ ಬಟ್ಟೆ ಬರ್ತಿದೆ. ಮೊದಲು ಬ್ಯಾಟರಿ, ಆಮೇಲೆ ನನ್ನ ಸಂಬಳ. ಈಗ ಎತ್ತಿ."

ಮೇಷ್ಟ್ರು ಮುಂದೆ, ನರ್ಸಕ್ಕ ಹಿಂದೆ. ದಾರಿಯಲ್ಲಿ ಮೂರು ಸಲ ಇಳಿಸಿ ಸುಧಾರಿಸಿಕೊಂಡರು. ಹನ್ನೊಂದು ವರ್ಷದ ಹಿಂದೆ ಒಂದೇ ಉಸಿರಿಗೆ ಒಯ್ದಿದ್ದರು. ಶೆಡ್ಡಿನಲ್ಲಿ ಬೆಂಚು ಇಟ್ಟದ್ದೇ ತಡ ಮೇಷ್ಟ್ರು ಮರೆತು ತುದಿಗೆ ಕೂತರು. ಇನ್ನೊಂದು ತುದಿ ಮೇಲೆದ್ದಿತು.

"ಬೇಗ ಕೂತ್ಕೊಳ್ಳಮ್ಮ," ಎಂದಳು ಆಯಮ್ಮ ಮಂಡಿಯ ಮೇಲಿನಿಂದ. "ಇಲ್ದಿದ್ರೆ ಅಧ್ಯಕ್ಷರು ಬೀಳ್ತಾರೆ."

ನರ್ಸಕ್ಕ ಕೂತಳು, ಬೆಂಚು ನೆಲಕ್ಕೆ ತಾಗಿತು. ರಿಜಿಸ್ಟರು ತೆರೆದು ಮೊದಲ ವಿಷಯ ಬರೆದಳು: ಶಿಶುವಿಹಾರದ ಬಾವಿ, ನಗರಸಭೆಗೆ ಎರಡನೆಯ ಪತ್ರ. ಇಂಕ್ ಪ್ಯಾಡು ಆ ಕಟ್ಟಡದಲ್ಲೇ ಉಳಿದಿತ್ತು. ದರ್ಜಿ ತನ್ನ ಗುರುತು ಹಾಕುವ ನೀಲಿಯಲ್ಲಿ ಬಟ್ಟೆಯ ಚೂರು ಅದ್ದಿಕೊಟ್ಟ. ಆ ಚೂರು ಕೈಯಿಂದ ಕೈಗೆ ಹೋಯಿತು, ಒಬ್ಬೊಬ್ಬರೂ ತಮ್ಮ ಸಂಸ್ಥೆಯ ಮೊಹರು ಒತ್ತಿದರು, ಮೇಷ್ಟ್ರದು ಕೊನೆಯದು. ಇಪ್ಪತ್ಮೂರು. ಹೋದ ಸಲಕ್ಕಿಂತ ಎಂಟು ಕಡಿಮೆ. ಆಯಮ್ಮ ಸೆರಗಿನಿಂದ ಒಂದು ಬಾಟಲಿ ತೆಗೆದು ಪತ್ರದ ಪಕ್ಕದಲ್ಲಿಟ್ಟಳು, ಅದರ ತುಂಬ ನೇರಳೆ ನೀರು. ನಾಳೆ ಹತ್ತು ಗಂಟೆಗೆ ನಗರಸಭೆಗೆ ಎಲ್ಲರೂ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿ ನಮ್ಮನ್ನು ನಿಲ್ಲಿಸಿಯೇ ಇಟ್ಟರೆ ಎಂದು ಯಾರೋ ಕೇಳಿದರು. ಕುರ್ಚಿ ಹೊತ್ತುಕೊಂಡೇ ಬನ್ನಿ ಎಂದಳು ನರ್ಸಕ್ಕ.